ಬಿಎಂಐ ಇಬ್ಬರದೂ 27ರ ಆಸುಪಾಸು, ಹೊಟ್ಟಿ ಮಾತ್ರ ನನಗಷ್ಟೇ: ಯಾವ ಚಾರ್ಟ್ ನಂಬೋದ್ರಿ?

ಮಿಲ್ಲಿನ_ಲೆಕ್ಕಿಗ, ಗಂಗಾವತಿ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಅಕ್ಕಿ ಮಿಲ್ಲಿನಾಗ ಲೆಕ್ಕ ಬರಿಯೋನು, ವಯಸ್ಸು 41. ಹೋದ ವಾರ ನಮ್ಮ ಓಣ್ಯಾಗ ಆರೋಗ್ಯ ತಪಾಸಣೆ ಕ್ಯಾಂಪ್ ಹಾಕಿದ್ದರು. ಬಿಪಿ ನೋಡಿದರು, ತೂಕದ ಮಿಷಿನ್ ಮ್ಯಾಲೆ ನಿಲ್ಲಿಸಿದರು. 76 ಕೆಜಿ. ಎತ್ತರ ಎಷ್ಟ್ರಿ ಅಂತ ಕೇಳಿದರು, ಐದೂವರಿ ಇರಬಹುದ್ರಿ ಅಂದೆ. ಚೀಟಿ ಮ್ಯಾಲೆ 165 ಸೆಂ.ಮೀ, ಬಿಎಂಐ (ಎತ್ತರಕ್ಕ ತೂಕ ಎಷ್ಟು ಅನ್ನೋ ಲೆಕ್ಕ) 27.9 ಅಂತ ಬರದು, ಬಾಜೂಕ ಕೆಂಪು ಪೆನ್ನಿಲೆ "ಬೊಜ್ಜು" ಅಂತ ಗೀಚಿ ಕೈಯಾಗ ಕೊಟ್ಟರು.

ಮನಿಗೆ ಬಂದು ಮೊಬೈಲಿನಾಗ ಹಾಕಿ ನೋಡಿದರ ಅದು "ಅಧಿಕ ತೂಕ" ಅಂತೈತಿ. 30 ದಾಟಿದ ಮ್ಯಾಲಷ್ಟೇ ಬೊಜ್ಜಂತ. ಒಂದ ನಂಬರಿಗೆ ಎರಡು ಹೆಸರು ಹೆಂಗ್ರಿ?

ಇಷ್ಟಕ್ಕ ಮುಗೀಲಿಲ್ಲ. ಮರುದಿನ ಚೀಲ ತೂಗೋ ಕಾಟಾದ ಮ್ಯಾಲೆ ನಮ್ಮ ಮಿಲ್ಲಿನ ಹಮಾಲನ್ನ ನಿಲ್ಲಿಸಿದೆ. 75 ಕೆಜಿ. ಗ್ವಾಡಿಗೆ ನಿಲ್ಲಿಸಿ ಟೇಪ್ ಹಿಡಿದರ 167. ಅಂದ್ರ 26.9. ಹೆಚ್ಚುಕಮ್ಮಿ ನನ್ನಷ್ಟ ಆತು. ಆದರ ಆ ಮನಿಷಾ ದಿನಾ ತನ್ನ ತೂಕದಷ್ಟ ಇರೋ 75 ಕೆಜಿ ಭತ್ತದ ಚೀಲ ಬೆನ್ನ ಮ್ಯಾಲೆ ಹೊತ್ತು ಲಾರಿ ಹತ್ತಾನ. ಹೊಟ್ಟಿ ಕಲ್ಲು ಇದ್ದಂಗೈತಿ. ನಾನು ಕುಂತಲ್ಲೇ ಕುಂತು ಬಿಲ್ ಹರಿಯಾವ. ಇಬ್ಬರಿಗೂ ಒಂದ ಹಣೆಪಟ್ಟಿ ಅಂದ್ರ ಈ ಲೆಕ್ಕಕ್ಕ ಏನರ ಅರ್ಥ ಐತೇನು? ಮನ್ಯಾಕಿ ಅಂತೂ ಚೀಟಿ ನೋಡಿದಾಗಿನಿಂದ ಅನ್ನದ ಸೌಟು ತನ್ನ ಕೈಯಾಗ ಇಟಗೊಂಡಾಳ.

ಮಿರ್ಚಿ_ಮಂಡಕ್ಕಿ, ಬಳ್ಳಾರಿ

ಗಂಗಾವತ್ಯಾಗ ಇದ್ದು, ಅಕ್ಕಿ ಮಿಲ್ಲಿನಾಗ ದುಡದು, ಅನ್ನಕ್ಕ ಕಂಟ್ರೋಲ್! ನಿಮ್ಮ ಕಥಿ ಕೇಳಿ ಕಣ್ಣಾಗ ನೀರು ಬಂತು ಅಣ್ಣ.

ಗಣಿತ_ಮೇಷ್ಟ್ರು, ಕೊಪ್ಪಳ

ಮೊದಲು ನಿಮ್ಮ ಚೀಟಿಯ ತಪ್ಪು ಸರಿ ಮಾಡೋಣ. ನೀವು ಐದೂವರೆ ಅಂದಿದ್ದು ಐದು ಅಡಿ ಆರು ಇಂಚು. ಅವರು ಅದನ್ನು 5.5 ಅಂತ ಬರೆದುಕೊಂಡು ಐದು ಅಡಿ ಐದು ಇಂಚು ಅಂತ ಓದಿದ್ದಾರೆ. ಅಡಿಗೆ ಹನ್ನೆರಡು ಇಂಚು ಅನ್ನೋದನ್ನು ನಾಲ್ಕನೇ ಕ್ಲಾಸಿನಲ್ಲಿ ಹೇಳಿಕೊಡ್ತೀವಿ, ಕ್ಯಾಂಪಿಗೆ ಬರೋವಷ್ಟರಲ್ಲಿ ಮರೆತಿರ್ತಾರೆ. 167.6 ಹಾಕಿದರೆ 27.1 ಬರ್ತದೆ. ಒಂದು ಇಂಚಿಗೆ ಮುಕ್ಕಾಲು ಪಾಯಿಂಟ್ ಹೋಯ್ತು ನೋಡಿ. ಎತ್ತರದಿಂದ ಎರಡು ಸಲ ಭಾಗಿಸೋದರಿಂದ ಅಲ್ಲಿನ ಸಣ್ಣ ತಪ್ಪೂ ದುಪ್ಪಟ್ಟಾಗಿ ಕಾಣ್ತದೆ.

ಸೂತ್ರ ಗೊತ್ತಿಲ್ಲದವರಿಗೆ: ಕೆಜಿ ತೂಕವನ್ನು ಮೀಟರಿನ ಎತ್ತರದಿಂದ ಭಾಗಿಸಿ, ಬಂದದ್ದನ್ನು ಮತ್ತೆ ಅದೇ ಎತ್ತರದಿಂದ ಭಾಗಿಸಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು, ಆ್ಯಪ್ ಬೇಕಿಲ್ಲ.

ಮಿಲ್ಲಿನ_ಲೆಕ್ಕಿಗ, ಗಂಗಾವತಿ

ಲೆಕ್ಕ ಬರಿಯೋನಿಗೇ ಲೆಕ್ಕ ತಪ್ಪಿಸ್ಯಾರಲ್ರಿ ಸರ್! ಆದರೂ 27.1 ಅಂದ್ರ ಕೆಂಪು ಪೆನ್ನು ಹೋಗಲ್ಲ, ಹೌದಲ್ರಿ?

ಗಣಿತ_ಮೇಷ್ಟ್ರು, ಕೊಪ್ಪಳ

ಹೋಗಲ್ಲ.

ನರ್ಸಕ್ಕ, ಸಿಂಧನೂರು

ಎರಡು ಹೆಸರು ಯಾಕಂತ ನಾ ಹೇಳ್ತೀನಿ. ಮೊಬೈಲಿನಾಗ ಇರೋದು ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿಗೆ ಹಾಕಿದ ಗೆರೆ. 18.5ಕ್ಕಿಂತ ಕಡಿಮೆ ಇದ್ದರ ಕಡಿಮೆ ತೂಕ, ಅಲ್ಲಿಂದ 24.9 ತನಕ ಸರಿ, 25 ದಾಟಿದರ ಅಧಿಕ ತೂಕ, 30 ದಾಟಿದರ ಬೊಜ್ಜು. ಆದರ ನಮ್ಮ ಕಡಿ ಜನಕ್ಕ ಇನ್ನೂ ಕಡಿಮೆ ತೂಕದಾಗೇ ಶುಗರ್, ಹಾರ್ಟ್ ತೊಂದ್ರಿ ಬರ್ತಾವ. ಅದಕ್ಕ 2004ರಾಗ ಅದೇ ಸಂಸ್ಥೆಯ ತಜ್ಞರು ಏಷ್ಯಾದವರು 23ಕ್ಕೇ ಎಚ್ಚರ ಆಗಬೇಕು, 27.5 ಅಂದ್ರ ಅಪಾಯ ಜಾಸ್ತಿ ಅಂದ್ರು. 2009ರಾಗ ನಮ್ಮ ದೇಶದ ವೈದ್ಯರು ಕೂತು 23ರಿಂದ 24.9 ಅಧಿಕ ತೂಕ, 25 ಮತ್ತ ಮ್ಯಾಲೆ ಬೊಜ್ಜು ಅಂತ ಗೆರೆ ಎಳದರು. ನಿಮ್ಮ ಕ್ಯಾಂಪಿನವರು ಈ ಚಾರ್ಟ್ ಹಿಡಿದಾರ. ಚಾರ್ಟಿನ ವಿಷಯದಾಗ ಅವರದು ಸರಿ. ಎತ್ತರ ಕೇಳಿ ಬರಕೊಂಡದ್ದು ಮಾತ್ರ ಶುದ್ಧ ತಪ್ಪು. ನಾನೂ ಕ್ಯಾಂಪಿಗೆ ಹೋಗ್ತೀನಿ, ಎಷ್ಟ ರಶ್ ಇದ್ದರೂ ಚಪ್ಪಲಿ ಬಿಡಿಸಿ ಗ್ವಾಡಿಗೆ ನಿಲ್ಲಿಸೇ ಅಳೀತೀವಿ.

ಸಂಶಯರಾಮ

ಇದೆಲ್ಲ ಔಷಧ ಕಂಪನಿ ಆಟ. ಗೆರೆ ಕೆಳಗೆ ತಂದರೆ ರೋಗಿಗಳು ಜಾಸ್ತಿ. ಅಮೆರಿಕದಲ್ಲೂ ಹಿಂಗೇ ಮಾಡಿದ್ರು. ನಿನ್ನೆ ಸರಿ ಇದ್ದವ ಇವತ್ತು ಬೆಳಗ್ಗೆ ದಪ್ಪ!

ಗಣಿತ_ಮೇಷ್ಟ್ರು, ಕೊಪ್ಪಳ

ಅರ್ಧ ನಿಜ. 1998ರಲ್ಲಿ ಅಮೆರಿಕದಲ್ಲಿ ಗಂಡಸರ ಅಧಿಕ ತೂಕದ ಗೆರೆ 27.8ರಿಂದ 25ಕ್ಕೆ ಇಳೀತು. ರಾತ್ರಿ ಕಳೆದು ಬೆಳಗಾಗೋದರಲ್ಲಿ ಕೋಟ್ಯಂತರ ಜನ ಆಚೆ ಪಟ್ಟಿಗೆ ಹೋದರು. ಆದರೆ ಬಿಎಂಐ ಹುಟ್ಟಿದ್ದು ಔಷಧ ಕಂಪನಿಯಲ್ಲಿ ಅಲ್ಲ. ಅಡಾಲ್ಫ್ ಕೆಟ್ಲೆ ಅಂತ ಬೆಲ್ಜಿಯಂನವನು, 1796ರಲ್ಲಿ ಹುಟ್ಟಿದವನು. ವೈದ್ಯನೇ ಅಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದವನು. "ಸರಾಸರಿ ಮನುಷ್ಯ" ಹೆಂಗಿರ್ತಾನೆ ಅಂತ ಹುಡುಕ್ತಿದ್ದ. ದೊಡ್ಡವರಲ್ಲಿ ತೂಕ ಎತ್ತರದ ವರ್ಗದ ಪ್ರಮಾಣದಲ್ಲಿ ಏರ್ತದೆ ಅಂತ 1830ರ ದಶಕದಲ್ಲಿ ಬರೆದ. ಒಬ್ಬೊಬ್ಬರ ಬೊಜ್ಜು ಅಳೆಯೋ ಉದ್ದೇಶ ಅವನಿಗೆ ಇರಲೇ ಇಲ್ಲ. 1972ರಲ್ಲಿ ಆನ್ಸೆಲ್ ಕೀಸ್ ಅನ್ನೋ ಅಮೆರಿಕದ ವಿಜ್ಞಾನಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟ. ಅವನಿಗೂ ಅದು ಜನಸಮೂಹದ ಅಧ್ಯಯನಕ್ಕೆ ಬೇಕಿತ್ತು.

ಹಂಗಾಗಿ ಲೆಕ್ಕಿಗರು ಕೇಳಿದ ಪ್ರಶ್ನೆ ಸರಿಯಾದದ್ದೇ. ಊರಿನ ಸರಾಸರಿಗೆ ಹುಟ್ಟಿದ ಸೂತ್ರವನ್ನು ಒಬ್ಬ ಹಮಾಲನ ಬೆನ್ನಿಗೆ ಕಟ್ಟಿದರೆ ಹಿಂಗೇ ಆಗೋದು.

ಸಂಶಯರಾಮ

ಅಂದ್ರೆ ನಾ ಹೇಳಿದ್ದೇ ಸರಿ ಆಯ್ತಲ್ಲ ಸರ್.

ಗಣಿತ_ಮೇಷ್ಟ್ರು, ಕೊಪ್ಪಳ

ಅರ್ಧ ಅಂದೆ. ನೂರಕ್ಕೆ ಐವತ್ತು, ಜಸ್ಟ್ ಪಾಸ್.

ಗರಡಿ_ಹುಡುಗ

ನಾನು 172 ಸೆಂ.ಮೀ, 84 ಕೆಜಿ, ಬಿಎಂಐ 28.4. ದಿನಾ ಬೆಳಿಗ್ಗಿ ಗರಡಿಮನ್ಯಾಗ ದಂಡ, ಬೈಠಕ್. ಮಾಂಸಖಂಡ ಕೊಬ್ಬಿಗಿಂತ ಗಟ್ಟಿ, ಅದಕ್ಕ ಅಷ್ಟ ಜಾಗದಾಗ ತೂಕ ಜಾಸ್ತಿ ಬರತೈತಿ. ಈ ಲೆಕ್ಕಕ್ಕ ಅದು ಮಾಂಸನೋ ಕೊಬ್ಬೋ ಗೊತ್ತಾಗಂಗಿಲ್ಲ. ನಮ್ಮಂಥೋರಿಗೆ ಇದು ಬಂಡಲ್.

ಬಿಸಿಲೂರು, ರಾಯಚೂರು

ನಿಮ್ಮಂಥೋರು ಊರಿಗೆ ಎಷ್ಟು ಮಂದಿ ಅದಾರ ತಮ್ಮಾ? ನೂರಕ್ಕ ಇಬ್ಬರು. ಉಳಿದ ಮಂದಿ "ಬಿಎಂಐ ಸುಳ್ಳ, ನಂದು ಎಲ್ಲಾ ಮಸಲ್" ಅಂತ ಹೇಳಿ ಇನ್ನೊಂದು ಪ್ಲೇಟ್ ಮಿರ್ಚಿ ತಿಂತಾರ.

ನಂದು ಉಲ್ಟಾ ಕಥಿ ಅದ, ಕೇಳ್ರಿ. ನಾನು ಶಾಲಿ ಮಾಸ್ತರ. 170 ಸೆಂ.ಮೀ, 60 ಕೆಜಿ. ಬಿಎಂಐ 20.8, ಯಾವ ಚಾರ್ಟ್ ಹಿಡದ್ರೂ ಫಸ್ಟ್ ಕ್ಲಾಸ್. ನಮ್ಮವ್ವ "ಎಲುಬಿನ ಹಂದರ ಆಗೀದಿ, ತುಪ್ಪ ಹಾಕ್ಕೊ" ಅಂತ ಬೈತಿದ್ಲು. 38ಕ್ಕ ಕಣ್ಣು ಮಂಜು ಆಗ್ಲಕತ್ತು, ರಾತ್ರಿ ನಾಲ್ಕು ಸಲ ಏಳ್ಲಕತ್ತೀನಿ. ಬ್ಯಾಸಗಿ ಅದ, ನೀರು ಜಾಸ್ತಿ ಕುಡಿತೀನಿ, ಅದಕ್ಕ ಅಂತ ಬಿಟ್ಟೆ. ನಮ್ಮೂರಾಗ ಮೇ ತಿಂಗಳದಾಗ ಯಾರು ನೀರು ಕುಡಿಯಂಗಿಲ್ಲ ಹೇಳ್ರಿ? ಕಡೀಗೆ ಟೆಸ್ಟ್ ಮಾಡಿಸಿದ್ರ ಮೂರು ತಿಂಗಳ ಸರಾಸರಿ ಶುಗರ್ 9.2. 6.5ಕ್ಕೇ ಸಕ್ಕರೆ ಕಾಯಿಲೆ ಅಂತಾರ. ಡಾಕ್ಟರು ಟೇಪ್ ತಗೊಂಡು ಸೊಂಟ ಅಳದರು. 93 ಸೆಂ.ಮೀ. ಕೈಕಾಲು ಕಡ್ಡಿ, ನಡುವ ಒಂದು ಸಣ್ಣ ಗುಡಾಣ. ಅಂಗಿ ಸಡಿಲ ಹಾಕ್ಕೊಂಡು ಅಷ್ಟು ವರ್ಷ ಊರಿಗೆಲ್ಲ ಮೋಸ ಮಾಡಿದ್ದೆ. ನನಗ ನಾ ಮಾಡ್ಕೊಂಡಿದ್ದೇ ದೊಡ್ಡ ಮೋಸ.

ನರ್ಸಕ್ಕ, ಸಿಂಧನೂರು

ಮಾಸ್ತರ್ರಿ, ನಿಮ್ಮಂಥ ದೇಹಕ್ಕ "ತೆಳ್ಳಗಿನ ದಪ್ಪ" ಅಂತ ಹೆಸರೇ ಅದ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರೂ ಬಾಜೂಕ ಬಾಜೂಕ ನಿಂತ ಫೋಟೋ 2004ರಾಗ ಲ್ಯಾನ್ಸೆಟ್ ಪತ್ರಿಕೆಯಾಗ ಬಂದಿತ್ತು. ಇಬ್ಬರದೂ ಬಿಎಂಐ ಕರೆಕ್ಟಾಗಿ 22.3. ಮೈಯಾಗಿನ ಕೊಬ್ಬು ಅಳದರ ಇಂಗ್ಲೆಂಡಿನವರದು ನೂರಕ್ಕ 9.1, ನಮ್ಮವರದು 21.2. ದುಪ್ಪಟ್ಟಿಗಿಂತ ಜಾಸ್ತಿ. ಟ್ರೇನಿಂಗಿನಾಗ ಆ ಫೋಟೋ ತೋರಿಸಿದಾಗ ನಾವೆಲ್ಲ ಒಬ್ಬರ ಹೊಟ್ಟಿ ಒಬ್ಬರು ನೋಡ್ಕೊಂಡು ಕುಂತಿದ್ವಿ.

ನಮ್ಮವರ ಕೊಬ್ಬು ಹೊಟ್ಟಿ ಒಳಗ, ಲಿವರ್ ಸುತ್ತ ಕೂಡ್ತದ. ತೊಡಿ ಮ್ಯಾಲಿನ ಕೊಬ್ಬು ಅಷ್ಟು ಕಾಟ ಕೊಡಂಗಿಲ್ಲ, ಇದು ಕೊಡ್ತದ. ಅದಕ್ಕ ನಮ್ಮಲ್ಲಿ ಗಂಡಸರ ಸೊಂಟ 90 ಸೆಂ.ಮೀ, ಹೆಣ್ಮಕ್ಕಳದು 80 ಸೆಂ.ಮೀ ಒಳಗ ಇರಬೇಕು ಅಂತಾರ.

ಮಿರ್ಚಿ_ಮಂಡಕ್ಕಿ, ಬಳ್ಳಾರಿ

ನನ್ನ ಪ್ಯಾಂಟ್ 34. ಅಂದ್ರ 86 ಸೆಂ.ಮೀ. ಪಾಸ್! ಸಂಜಿಗೆ ಮಿರ್ಚಿ ಪಾರ್ಟಿ.

ಜೀನ್ಸ್_ಟೇಲರ್, ಬಳ್ಳಾರಿ

ಅಣ್ಣ ಸ್ವಲ್ಪ ನಿಲ್ಲು. ನಾನು ಹತ್ತು ವರ್ಷದಿಂದ ಜೀನ್ಸ್ ಹೊಲಿಯಾಕತ್ತೀನಿ, ನಮ್ಮ ಗುಟ್ಟು ಹೇಳ್ತೀನಿ. ಲೇಬಲ್ ಮ್ಯಾಲೆ 34 ಅಂತ ಇದ್ದರ ಪ್ಯಾಂಟಿನ ಪಟ್ಟಿ 34 ಇರತೈತಿ ಅನ್ನೋದು ಭ್ರಮೆ. ಟೇಪ್ ಹಿಡದ್ರ 35, 36 ಬರತೈತಿ. ಗಿರಾಕಿಗೆ ಖುಷಿ ಆಗಲಿ ಅಂತ ಆರ್ಡರ್ ಕೊಡೋರೇ ಹಂಗ ಹೇಳ್ತಾರ. ಮ್ಯಾಲೆ ಸ್ಟ್ರೆಚ್ ಬಟ್ಟಿ. ಮತ್ತ ಎಲ್ಲಾಕ್ಕಿಂತ ದೊಡ್ಡ ಮಾತು ಏನಂದ್ರ, ಹೊಟ್ಟಿ ಇದ್ದೋರು ಯಾರೂ ಪ್ಯಾಂಟ್ ಹೊಟ್ಟಿ ಮ್ಯಾಲೆ ಹಾಕ್ಕಳಲ್ಲ. ಹೊಟ್ಟಿ ಕೆಳಗ ಇಳಿಸಿ ಕಟ್ಟತಾರ. ಹೊಟ್ಟಿ ಬೆಳದಂಗ ಪ್ಯಾಂಟ್ ಕೆಳಗ ಹೋಗತೈತಿ, ನಂಬರ್ ಅದ ಇರತೈತಿ. ನನ್ನ ಹತ್ರ ಹದಿನೈದು ವರ್ಷದಿಂದ 36 ಅಂತ ಹೇಳೋ ಗಿರಾಕಿ ಅದಾರ, ಅವರ ಹೊಟ್ಟಿ ಅಂಗಡಿಗೆ ಅವರಿಗಿಂತ ಮೊದಲು ಬರತೈತಿ.

ಮಿರ್ಚಿ_ಮಂಡಕ್ಕಿ, ಬಳ್ಳಾರಿ

ಟೇಪ್ ಹಿಡದೆ. 97. ಪಾರ್ಟಿ ಕ್ಯಾನ್ಸಲ್. ನೀ ಯಾವ ಅಂಗಡಿಯವ ಹೇಳಪ್ಪ, ಬಂದು ಜಗಳ ಮಾಡಬೇಕು.

ನರ್ಸಕ್ಕ, ಸಿಂಧನೂರು

ಎಲ್ಲಿ ಹಿಡದ್ರಿ? ಕೆಳಗಿನ ಪಕ್ಕೆಲುಬು ಮುಗಿಯೋ ಜಾಗ, ಸೊಂಟದ ಎಲುಬು ಶುರು ಆಗೋ ಜಾಗ, ಎರಡರ ನಡುವ ಟೇಪ್ ಬರಬೇಕು. ಅಂಗಿ ಎತ್ತಿ, ಮಾಮೂಲಿ ಉಸಿರು ಬಿಟ್ಟ ಮ್ಯಾಲೆ ಅಳೀಬೇಕು. ಹೊಟ್ಟಿ ಒಳಗ ಎಳಕೊಂಡು ಅಳೆಯೋರಿಗೆ ನಾ ಏನೂ ಹೇಳಂಗಿಲ್ಲ, ಎಲ್ಲಾರೂ ಎಳಕೊಂತಾರ.

ಅಜ್ಜನ_ಮೊಮ್ಮಗ, ಕುಷ್ಟಗಿ

ಇಷ್ಟೆಲ್ಲ ಓದಿದ ಮ್ಯಾಲೆ ನಮ್ಮಜ್ಜ ನೆನಪಾದ. ಅವನ ಉಡದಾರ ಅವನ ಬಿಎಂಐ. ಜಾತ್ರಿಗೆ ಹೋದಾಗ ಹೊಸಾ ಕರಿದಾರ ತಂದು ಹಳೇದರ ಅಳತಿಗೇ ಗಂಟು ಹಾಕ್ಕೊಂತಿದ್ದ. ಉಡದಾರ ಬಿಗಿ ಆತಂದ್ರ ನಮ್ಮವ್ವಗ "ಈ ವಾರ ಎರಡ ರೊಟ್ಟಿ ಸಾಕವ್ವ" ಅಂತಿದ್ದ. ಗಂಟು ಸಡಿಲ ಮಾಡ್ಕೊಂಡಿದ್ದು ನಾ ನೋಡೇ ಇಲ್ಲ. ನಮ್ಮಪ್ಪ ಮಾತ್ರ ಎಲಾಸ್ಟಿಕ್ ಬರ್ಮುಡಾ ಹಾಕ್ಕಂಡು ಎಲ್ಲಾ ಮರತ.

ಬಿಸಿಲೂರು, ರಾಯಚೂರು

ಏ ಭಾರಿ ಹೇಳ್ದಿ ತಮ್ಮಾ! ನಾ ಉಡದಾರ ಬಿಚ್ಚಿ ಇಪ್ಪತ್ತು ವರ್ಷ ಆತು.

ಗಣಿತ_ಮೇಷ್ಟ್ರು, ಕೊಪ್ಪಳ

ಕುಷ್ಟಗಿಯವರ ಅಜ್ಜ ಮಾಡಿದ್ದಕ್ಕೆ ಈಗ ಶಾಸ್ತ್ರದ ಬಲವೂ ಇದೆ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನೋ ಅಳತೆ ಬಹಳ ಕಡೆ ಬಳಕೆಯಲ್ಲಿದೆ. ಟೇಪೂ ಬೇಡ. ನಿಮ್ಮ ಎತ್ತರದಷ್ಟು ಉದ್ದದ ದಾರ ತಗೊಳ್ಳಿ, ನಡುವೆ ಮಡಚಿ, ಆ ಅರ್ಧ ದಾರ ಹೊಟ್ಟೆ ಸುತ್ತ ಬರ್ತದೋ ಇಲ್ಲವೋ ನೋಡಿ. ಬಂದರೆ ಸರಿ. ಇಂಚು, ಸೆಂಟಿಮೀಟರ್, ಐದೂವರೆ ಯಾವ ಗೊಂದಲವೂ ಇಲ್ಲ.

ಅಂದಹಾಗೆ ವರ್ಗದ ಲೆಕ್ಕಕ್ಕೂ ತಕರಾರು ಇದೆ. ಆಕ್ಸ್‌ಫರ್ಡಿನ ಗಣಿತಜ್ಞ ನಿಕ್ ಟ್ರೆಫೆಥನ್ 2013ರಲ್ಲಿ ಒಂದು ಪತ್ರ ಬರೆದರು. ಈ ಸೂತ್ರ ಎತ್ತರದವರನ್ನು ಇರೋದಕ್ಕಿಂತ ದಪ್ಪ ತೋರಿಸ್ತದೆ, ಕುಳ್ಳಗಿರೋರನ್ನು ತೆಳ್ಳಗೆ ತೋರಿಸ್ತದೆ, ಎತ್ತರದ ಘಾತ 2 ಬಿಟ್ಟು 2.5 ಇಟ್ಟು 1.3ರಿಂದ ಗುಣಿಸಿ ಅಂತ. 150 ಸೆಂ.ಮೀ ಇರೋ 60 ಕೆಜಿಯವರಿಗೆ ಹಳೇ ಲೆಕ್ಕದಲ್ಲಿ 26.7 ಬಂದರೆ ಇದರಲ್ಲಿ 28.3. ಆದರೆ ಲೆಕ್ಕಿಗರೇ ಖುಷಿಪಡಬೇಡಿ, ನಿಮ್ಮ ಎತ್ತರದವರಿಗೆ ಎರಡೂ ಸೂತ್ರದಲ್ಲಿ ಹೆಚ್ಚುಕಮ್ಮಿ ಅದೇ ಉತ್ತರ.

ಮಿಲ್ಲಿನ_ಲೆಕ್ಕಿಗ, ಗಂಗಾವತಿ

ಯಾವ ದಾರಿ ಹಿಡದ್ರೂ ಅದ ಊರಿಗೇ ಬರಾಕತ್ತೈತಲ್ರಿ ಸರ್.

ತೂಕ_ಇಳಿಸಿ_ಗ್ಯಾರಂಟಿ

[ಈ ಪ್ರತಿಕ್ರಿಯೆಯನ್ನು ನಿರ್ವಾಹಕರು ತೆಗೆದುಹಾಕಿದ್ದಾರೆ]

ಸಂಶಯರಾಮ

ನೋಡಿದ್ರಾ? 15 ದಿನಕ್ಕೆ 10 ಕೆಜಿ ಪುಡಿ ಮಾರೋನು ಬಂದೇ ಬಿಟ್ಟ. ನಾ ಹೇಳಿರ್ಲಿಲ್ವಾ, ಚಾರ್ಟ್ ಹಿಂದೆ ಅಂಗಡಿ ಇರ್ತದೆ ಅಂತ.

ಎರಡು_ಮಕ್ಕಳ_ತಾಯಿ, ಹೊಸಪೇಟೆ

ಅಕ್ಕಾ, ನಂದೊಂದು ಪ್ರಶ್ನೆ. ಮಗನಿಗೆ 11 ವರ್ಷ. 140 ಸೆಂ.ಮೀ, 32 ಕೆಜಿ. ಬಿಎಂಐ 16.3 ಬಂತು, ಮೊಬೈಲ್ "ತೀರಾ ಕಡಿಮೆ ತೂಕ" ಅಂತ ತೋರಿಸ್ತು. ಎರಡು ದಿನದಿಂದ ಬಾಳೆಹಣ್ಣು, ಮೊಟ್ಟೆ ಅಂತ ಹಿಂದೆ ಬಿದ್ದಿದೀನಿ. ಅವನು ನನ್ನ ನೋಡಿದ್ರೆ ಓಡ್ತಾನೆ.

ನರ್ಸಕ್ಕ, ಸಿಂಧನೂರು

ಅಕ್ಕಾರ, ಹುಡುಗನ್ನ ಬಿಡ್ರಿ ಪಾಪ. 18.5, 25 ಇವೆಲ್ಲ ದೊಡ್ಡೋರ ಗೆರೆ. ಮಕ್ಕಳಿಗೆ ವಯಸ್ಸಿಗೆ ತಕ್ಕಂಗ, ಗಂಡು ಹೆಣ್ಣಿಗೆ ಬ್ಯಾರೆ ಬ್ಯಾರೆ ಬೆಳವಣಿಗೆ ಚಾರ್ಟ್ ಅದಾವ. 11 ವರ್ಷದ ಹುಡುಗಗ 16.3 ಅಂದ್ರ ನಡುವಿನ ಗೆರಿ ಹತ್ರಾನೇ ಅದ. ಆರಾಮ ಇದ್ದಾನ. ಬಸುರಿ ಹೆಣ್ಮಕ್ಕಳಿಗೂ ಈ ಲೆಕ್ಕ ಹಿಡಿಬಾರದು, ಬಸುರಿ ಆಗೋಕ್ಕಿಂತ ಮೊದಲು ಇಲ್ಲಾ ಮೊದಲ ತಿಂಗಳದಾಗ ಇದ್ದ ತೂಕ ನೋಡ್ತಾರ.

ಎರಡು_ಮಕ್ಕಳ_ತಾಯಿ, ಹೊಸಪೇಟೆ

ಥ್ಯಾಂಕ್ಸ್ ಅಕ್ಕಾ. ಅವನಿಗೆ ಹೇಳಿದೆ, ಕ್ರಿಕೆಟ್‌ಗೆ ಓಡಿಹೋದ.

ಆಶಾ_ಕಾರ್ಯಕರ್ತೆ, ದೇವದುರ್ಗ

ನೀವೆಲ್ಲ ಹೊಟ್ಟಿ ಇಳಸೋ ಮಾತು ಆಡ್ಲಕತ್ತೀರಿ, ನನಗ ನಗಬೇಕೋ ಅಳಬೇಕೋ ತಿಳಿವಲ್ದು. ನಾ ತಿರುಗೋ ಊರಾಗ ಈ ಚಾರ್ಟಿನ ಇನ್ನೊಂದು ತುದಿ ಅದ. ಮೊನ್ನೆ ಒಬ್ಬಾಕಿ, ಹತ್ತಿ ಬಿಡಿಸಾಕ ಹೋಗಾಕಿ, 150 ಸೆಂ.ಮೀ, 38 ಕೆಜಿ. 16.9. ಆಕಿಗೆ ಹೇಳಿದ್ರ "ನಮ್ಮ ಮನ್ಯಾಗ ಎಲ್ಲಾರೂ ಹಿಂಗ ಇದ್ದೀವಿ ಬಿಡವ್ವ" ಅಂದ್ಲು. ರಕ್ತ ಪರೀಕ್ಷೆ ಮಾಡಿಸಿದ್ರ ಹಿಮೋಗ್ಲೋಬಿನ್ 7.8. ಗಂಡ, ಮಕ್ಕಳು ಉಂಡು ಉಳಿದಿದ್ದು ಉಣ್ಣಾಕಿ. ಬಿಎಂಐ ಸುಳ್ಳು, ಬಂಡಲ್ ಅಂತ ಮ್ಯಾಲೆ ಯಾರೋ ಬರದೀರಲ್ಲ, ಇಂಥಾಕಿನ್ನ ಹುಡುಕಾಕ ನನಗ ಇರೋದೇ ಆ ತೂಕದ ಮಿಷಿನ್, ಆ ಟೇಪು. ಲ್ಯಾಬ್ ಮೂವತ್ತು ಕಿಲೋಮೀಟರ್ ದೂರ.

ಸಣ್ಣ ಕೂಸುಗಳಿಗೆ ತೋಳಿಗೆ ಕಟ್ಟೋ ಪಟ್ಟಿ ಅದ. ಆರು ತಿಂಗಳಿಂದ ಐದು ವರ್ಷದ ತನಕ. 12.5 ಸೆಂ.ಮೀ ಮ್ಯಾಲೆ ಹಸಿರು, ಕೆಳಗ ಹಳದಿ, 11.5ಕ್ಕಿಂತ ಕಡಿಮಿ ಅಂದ್ರ ಕೆಂಪು. ಕೆಂಪು ಬಂದ್ರ ಅವತ್ತೇ ಆಸ್ಪತ್ರಿಗೆ ಕಳಸಬೇಕು. ಪಟ್ಟಿ ನೋಡಿ ತಾಯಿ ಮಾರಿ ನೋಡಾಕ ಆಗಂಗಿಲ್ಲ.

ಗರಡಿ_ಹುಡುಗ

ಅಕ್ಕಾ, ಬಂಡಲ್ ಅಂದಿದ್ದು ನಾನ. ನನ್ನ ಮೈಗೆ ಹೊಂದಂಗಿಲ್ಲ ಅನ್ನೋ ಅರ್ಥದಾಗ ಅಂದಿದ್ದೆ. ಮಾತು ಹಿಂದಕ್ಕ ತಗೊಂಡೆ.

ನರ್ಸಕ್ಕ, ಸಿಂಧನೂರು

ದೇವದುರ್ಗದ ಅಕ್ಕ ಹೇಳಿದ್ದು ಖರೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಾಗ ದೇಶದ ಹೆಣ್ಮಕ್ಕಳಲ್ಲಿ ನೂರಕ್ಕ 24 ಮಂದಿ 25 ದಾಟ್ಯಾರ, 18.7 ಮಂದಿ 18.5ಕ್ಕಿಂತ ಕೆಳಗ ಅದಾರ. ಒಂದೇ ಓಣಿ, ಒಂದು ಮನ್ಯಾಗ ಆಕಿ, ಬಾಜೂ ಮನ್ಯಾಗ ಈಕಿ. ಒಂದೊಂದು ಸಲ ಒಂದೇ ಮನ್ಯಾಗ ಅತ್ತಿ ಆ ಕಡಿ, ಸೊಸಿ ಈ ಕಡಿ.

ಮಿರ್ಚಿ_ಮಂಡಕ್ಕಿ, ಬಳ್ಳಾರಿ

ಈಗ ನಾ ಏನು ತಿನ್ನಬೇಕು ಹೇಳ್ರಿ. ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದ್ರ ಇಳಿತೈತೇನು?

ಬಿಸಿಲೂರು, ರಾಯಚೂರು

ಅನ್ನಕ್ಕಿಂತ ರೊಟ್ಟಿ ಪಾಡು, ನಾರು ಜಾಸ್ತಿ, ಹೊಟ್ಟಿ ಲಗು ತುಂಬ್ತದ. ಆದ್ರ ಐದು ರೊಟ್ಟಿ ಹೊಡದು, ಮ್ಯಾಲೆ ಶೇಂಗಾ ಚಟ್ನಿಗೆ ಎಣ್ಣಿ ಸುರಕೊಂಡು, ಎಣ್ಣಿಗಾಯಿ ಬಳಕೊಂಡು, ಕಡೀಗೆ ಒಂದು ಬಟ್ಟಲ ಅನ್ನ ಸಾರು ಅಂದ್ರ ದೇವರೂ ಕಾಪಾಡಂಗಿಲ್ಲ. ನಾ ಎರಡು ರೊಟ್ಟಿ, ಒಂದು ಬಟ್ಟಲ ಪುಂಡಿಪಲ್ಯ, ಬ್ಯಾಳಿ, ಸೌತಿಕಾಯಿ ಅಂತ ಮಾಡೀನಿ. ಮೊದಲು ಎಂಟು ದಿನ ರಾತ್ರಿ ಅಡಗಿಮನಿ ಡಬ್ಬಿ ಹುಡುಕಾಡಿದ್ದೆ, ಆಮ್ಯಾಲೆ ರೂಢಿ ಆತು. ವಾಕಿಂಗ್ ಬೆಳಿಗ್ಗಿ ಐದಕ್ಕ. ಏಳಾದ್ರ ಇಲ್ಲಿ ಬಿಸಿಲು ತಲಿ ಮ್ಯಾಲೆ ಬಡಿತದ.

ಮಿರ್ಚಿ_ಮಂಡಕ್ಕಿ, ಬಳ್ಳಾರಿ

ಐದಕ್ಕ ನಾ ಮಕ್ಕೊಳ್ಳೋ ಟೈಮು.

ಅಜ್ಜನ_ಮೊಮ್ಮಗ, ಕುಷ್ಟಗಿ

ಅಂಜನಾದ್ರಿ ಬೆಟ್ಟ ಹತ್ರಿ, 575 ಮೆಟ್ಟಲ. ವಾರಕ್ಕೊಮ್ಮೆ ಹತ್ತಿದರ ಸಾಕು.

ಜೀನ್ಸ್_ಟೇಲರ್, ಬಳ್ಳಾರಿ

ವಾರಕ್ಕೊಮ್ಮೆ ಹತ್ತಿ, ಕೆಳಗ ಇಳದು, ಬಜ್ಜಿ ತಿಂದು ಬರೋದಾದ್ರ ನನ್ನ ಪ್ಯಾಂಟಿಗೇ ಲಾಭ.

ಸಂಶಯರಾಮ

ನಮ್ಮ ಮಾವ ಆರು ತಿಂಗಳು ವಾಕಿಂಗ್ ಮಾಡಿದ್ರು. ಒಂದು ಕೆಜಿನೂ ಇಳೀಲಿಲ್ಲ. ಬಿಟ್ರು. ಇಳಿಯದಿದ್ದ ಮೇಲೆ ಯಾಕೆ ಕಷ್ಟಪಡಬೇಕು?

ನರ್ಸಕ್ಕ, ಸಿಂಧನೂರು

ಬಿಡಿಸಬಾರದಿತ್ತು ಅಣ್ಣಾರ. ಚೆನ್ನೈದಾಗ ಗಡಿ ಮ್ಯಾಲಿನ ಶುಗರ್ ಇದ್ದೋರ ಮ್ಯಾಲೆ ಒಂದು ದೊಡ್ಡ ಅಧ್ಯಯನ ಆಗಿತ್ತು, 2006ರಾಗ ಪ್ರಕಟ ಆತು. ಊಟ ಬದಲಿಸಿ, ನಡಿಗಿ ಹೆಚ್ಚು ಮಾಡಿದೋರಲ್ಲಿ ಸಕ್ಕರೆ ಕಾಯಿಲೆಗೆ ತಿರುಗೋ ಅಪಾಯ ನೂರಕ್ಕ 28.5ರಷ್ಟು ಕಡಿಮಿ ಆತು. ಮಜಾ ಏನಂದ್ರ ಅವರ ತೂಕ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಕಾಟಾ ಮ್ಯಾಲೆ ಕಾಣಂಗಿಲ್ಲ ಅಂದ ಮಾತ್ರಕ್ಕ ಒಳಗ ಏನೂ ಆಗಿಲ್ಲ ಅಂತಲ್ಲ. ಮಾವಗ ನಾಳೆಯಿಂದ ಮತ್ತ ಶುರು ಮಾಡಂತ ಹೇಳ್ರಿ.

ಸಂಶಯರಾಮ

ಹೇಳ್ತೀನಿ. ಕೇಳ್ತಾರೋ ಇಲ್ವೋ ಬೇರೆ ವಿಷಯ, ಅವರೂ ನನ್ನ ಹಾಗೇ.

ಮಿಲ್ಲಿನ_ಲೆಕ್ಕಿಗ, ಗಂಗಾವತಿ

ಎಲ್ಲಾ ಓದಿ ಇವತ್ತು ಬೆಳಿಗ್ಗಿ ಪರೀಕ್ಷೆ ಮಾಡಿಬಿಟ್ಟೆ. ಸರಿಯಾಗಿ ಬರೀತೀನಿ, ನಗಬ್ಯಾಡ್ರಿ.

ಮೊದಲು ಗ್ವಾಡಿಗೆ ಬೆನ್ನು ಹಚ್ಚಿ ನಿಂತೆ, ಮಗಳು ತಲಿ ಮ್ಯಾಲೆ ಕಾಂಪಾಸ್ ಪೆಟ್ಟಿಗಿ ಇಟ್ಟು ಪೆನ್ಸಿಲ್ ಗುರುತು ಹಾಕಿದ್ಲು. 168. ಬರೇ ಹೊಟ್ಟ್ಯಾಗ, ಲುಂಗಿ ಮ್ಯಾಲೆ ತೂಕ 75. ಅಂದ್ರ 26.6. ಕ್ಯಾಂಪಿನ ಚೀಟಿಗಿಂತ 1.3 ಕಡಿಮಿ, ಒಂದು ಕೆಜಿನೂ ಇಳಿಸದಲೇ. ಹಿಂಗ ದಿನಾ ಅಳಕೋಂತ ಹೋದ್ರ ಸಾಕೇನೋ ಅನಿಸ್ತು.

ಆಮ್ಯಾಲೆ ದಾರ. ಚೀಲದ ಬಾಯಿ ಹೊಲಿಯೋ ಬಿಳಿ ದಾರ ತಂದಿದ್ದೆ ಮಿಲ್ಲಿನಿಂದ. ಎತ್ತರಕ್ಕ ಸರಿಯಾಗಿ ಕತ್ತರಿಸಿ ಮಡಚಿ ಹೊಟ್ಟಿಗೆ ಸುತ್ತಿದೆ. ಎರಡು ತುದಿ ನಡುವ ನನ್ನ ನಾಲ್ಕೂ ಬೆರಳು, ಹೆಬ್ಬೆರಳು ಸೇರಿ ಹಿಡಿಸಿದರೂ ಇನ್ನೂ ಜಾಗ ಉಳೀತು. ಉಸಿರು ಎಳಕೊಂಡೆ, ಮಗಳು "ಅಪ್ಪಾಜಿ ಮೋಸ" ಅಂತ ಚೀರಿದ್ಲು. ಟೇಪಿನಾಗ 98. ಬೇಕಾಗಿದ್ದು 84.

ಅದ ದಾರದ ಉಂಡಿ ತಗೊಂಡು ಮಿಲ್ಲಿಗೆ ಹೋದೆ. ಹಮಾಲ ಮೊದಲು ಒಲ್ಲೆ ಅಂದ, "ಹೆಣಕ್ಕ ಅಳತಿ ತಗೊಂಡಂಗ ತಗೊಂತೀರಲ್ರಿ ಸಾವಕಾರ್ರ" ಅಂತ ಬೈದ. ಕಡೀಗೆ ನಿಂತ. ದಾರ ಸುತ್ತಿದರ ಗಂಟು ಹಾಕಾಕ ಬರೋಷ್ಟು ಉಳೀತು. ಸೊಂಟ 82. ಹಂಗಾಗಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕತು, ನಂಬರ್ ಒಂದ ಇದ್ದರೂ ಮೈ ಒಂದಲ್ಲ.

ಸಕ್ಕರೀದೂ ಹೇಳಿಬಿಡ್ತೀನಿ. ಮಾಸ್ತರ ಕಥಿ ಓದಿ ಅಂಜಿ ನಿನ್ನೆ ಲ್ಯಾಬಿಗೆ ಹೋಗಿದ್ದೆ. ಮೂರು ತಿಂಗಳ ಸರಾಸರಿ 6.1.

ಬಿಸಿಲೂರು, ರಾಯಚೂರು

ಗಡಿ ಮ್ಯಾಲೆ ನಿಂತೀರಿ ಅಣ್ಣಾರ. 5.7ರಿಂದ 6.4 ಅಂದ್ರ ಇನ್ನೂ ಈ ಕಡಿ ದಂಡಿ. ನನಗ ಯಾರೂ ಆ ದಂಡಿ ಮ್ಯಾಲೆ ಇದ್ದಾಗ ಹೇಳಲಿಲ್ಲ. ಆ ಚೀಟಿಯವರಿಗೆ ಬೈಬ್ಯಾಡ್ರಿ, ತಪ್ಪು ಎತ್ತರ ಬರದ್ರೂ ಸರಿ ಟೈಮಿಗೆ ಬರದಾರ.

ನರ್ಸಕ್ಕ, ಸಿಂಧನೂರು

23ಕ್ಕ ಇಳೀಬೇಕು ಅಂತ ಹೊಂಟ್ರ ನಿಮಗ 65 ಕೆಜಿ ಆಗಬೇಕು, ಹತ್ತು ಕೆಜಿ ಲೆಕ್ಕ ಕೇಳಿದ್ರೇ ಸುಸ್ತಾಗ್ತದ. ಮೊದಲು ನೂರಕ್ಕ ಐದು ಹಿಡೀರಿ. ನಾಲ್ಕು ಕೆಜಿ. ಅಷ್ಟಕ್ಕೇ ಶುಗರ್, ಬಿಪಿಯಾಗ ಫರಕು ಕಾಣ್ತದ. ಡಾಕ್ಟರಿಗೂ ರಿಪೋರ್ಟ್ ತೋರಿಸಿ ಬರ್ರಿ.

ಮಿಲ್ಲಿನ_ಲೆಕ್ಕಿಗ, ಗಂಗಾವತಿ

ಆತ್ರಿ ಅಕ್ಕಾರ. ಇನ್ನೊಂದು ಮಾತು ಬರಿಯೋದು ಬಿಟ್ಟಿದ್ದೆ. ಮನ್ಯಾಗಿನ ಬಿಪಿ ಮಿಷಿನ್ನೂ ಮಿಲ್ಲಿಗೆ ಒಯ್ದಿದ್ದೆ, ಹಮಾಲಗ ಸುಮ್ನ ಚಾಷ್ಟಿಗೆ ಕಟ್ಟಿದೆ. 156/98 ತೋರಿಸ್ತು. ಹತ್ತು ನಿಮಿಷ ಕುಂದ್ರಿಸಿ ಮತ್ತ ನೋಡಿದೆ, 152/96. ಅವನಿಗೆ 36 ವರ್ಷ. ಹೊಟ್ಟಿ ಇಲ್ಲ, ಚೀಲ ಹೊರ್ತಾನ, ದಾರದ ಪರೀಕ್ಷೆ ಪಾಸು. ಬಾಯಾಗ ಮಾತ್ರ ಯಾವಾಗಲೂ ತಂಬಾಕ ಇರತೈತಿ.

ನರ್ಸಕ್ಕ, ಸಿಂಧನೂರು

ಚೀಲ ಹೊತ್ತು ಬಂದ ಕೂಡಲೇ ನೋಡಿರಬಾರದು, ತಂಬಾಕು ಹಾಕ್ಕೊಂಡಾಗನೂ ಏರ್ತದ. ಆದರ ಕುಂದ್ರಿಸಿ ನೋಡಿದ್ರೂ 152 ಅಂದ್ರ ಬಿಡೋದಲ್ಲ. 140/90 ದಾಟಿದ್ರ ಬ್ಯಾರೆ ಬ್ಯಾರೆ ದಿನ ಮತ್ತ ನೋಡಬೇಕು. ಸರಕಾರಿ ದವಾಖಾನಿಗೆ ಕರಕೊಂಡು ಹೋಗ್ರಿ, ಗುಳಿಗಿ ಬೇಕಾದ್ರ ಪುಕ್ಕಟ ಸಿಗ್ತಾವ.

ಗರಡಿ_ಹುಡುಗ

ಇದನ್ನ ಓದಿ ನಾನೂ ನಾಳೆ ಬಿಪಿ ನೋಡಿಸ್ತೀನಿ. ಒಂದ ಸಲನೂ ನೋಡಿಸಿಲ್ಲ.

ಮಿಲ್ಲಿನ_ಲೆಕ್ಕಿಗ, ಗಂಗಾವತಿ

ಹಮಾಲಗ ಹೇಳಿದೆ. "ಸೋಮವಾರ ಎರಡು ಲಾರಿ ಲೋಡ್ ಐತ್ರಿ, ದವಾಖಾನಿಗೆ ಹೋದ್ರ ದಿನದ ಕೂಲಿ ಯಾರು ಕೊಡ್ತಾರ" ಅಂದ. ಅವನ ಮಾತೂ ಖರೇನ. ಸಾವಕಾರ್ರ ಹತ್ರ ಮಾತಾಡಿ ಮಂಗಳವಾರ ಅರ್ಧ ದಿನ ಬಿಡಿಸೀನಿ, ಹಾಜರಿ ಪುಸ್ತಕ ನನ್ನ ಕೈಯಾಗ ಐತಿ. ಇಬ್ಬರೂ ಕೂಡೇ ಹೊಂಟೀವಿ.

ಮಿರ್ಚಿ_ಮಂಡಕ್ಕಿ, ಬಳ್ಳಾರಿ

ಬರೇ ಹೊಟ್ಟ್ಯಾಗ ಹೋಗ್ರಿ ಅಣ್ಣ. ದವಾಖಾನಿ ಎದುರಿಗೆ ಒಗ್ಗರಣಿ ಮಿರ್ಚಿ ಬಂಡಿ ಇರತೈತಿ, ಆ ಕಡಿ ನೋಡಬ್ಯಾಡ್ರಿ.